ಹೋದ ಲಕೋಟೆ, ಬಂದ ಚೆಕ್ಕು: ಮೇಲ್-ಇನ್ ರಿಬೇಟ್‌ನಲ್ಲಿ ನನ್ನ ಅನುಭವ

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದಾಗ, 2003ರಿಂದ 2005ರ ಕೊನೆಯವರೆಗೆ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಮೇಲ್-ಇನ್ ರಿಬೇಟ್‌ಗಳಿಂದ (ಪೂರ್ತಿ ಬೆಲೆ ಕೊಟ್ಟು ಕೊಂಡ ಮೇಲೆ ಅರ್ಜಿ, ರಸೀದಿ, ಡಬ್ಬಿಯ ಬಾರ್‌ಕೋಡ್‌ಗಳನ್ನು ಅಂಚೆಯಲ್ಲಿ ಕಳುಹಿಸಿದರೆ ಬೆಲೆಯ ಒಂದು ಭಾಗ ಅಥವಾ ಪೂರ್ತಿ ಬೆಲೆ ಚೆಕ್ಕಾಗಿ ಮರಳುವ ರಿಯಾಯಿತಿ) ನಾನು ಸುಮಾರು 3,200 ಡಾಲರ್ ಮರಳಿ ಪಡೆದಿದ್ದೇನೆ. ಇದನ್ನು ಹೇಳಿದಾಗಲೆಲ್ಲ ಅಂದಿನ ಸಹೋದ್ಯೋಗಿಗಳು ನಗುತ್ತಾರೆ. ಏಕೆಂದರೆ ಅವರ ನೆನಪಿನಲ್ಲಿ ಉಳಿದಿರುವುದು ನನ್ನ ಮೊದಲ ವರ್ಷ ಮಾತ್ರ. ಆ ವರ್ಷ ಹದಿನೆಂಟು ಅರ್ಜಿಗಳನ್ನು ಕಳುಹಿಸಿ ಏಳು ಚೆಕ್ಕುಗಳನ್ನು ಪಡೆದಿದ್ದೆ. ಮರುವರ್ಷ ನಲವತ್ತಾರಕ್ಕೆ ನಲವತ್ತಮೂರು ಬಂದವು, ಅದರ ಮುಂದಿನ ವರ್ಷ ಅರವತ್ತರಲ್ಲಿ ಎರಡು ಮಾತ್ರ ತಪ್ಪಿದವು. ಆ ಹೊತ್ತಿಗೆ ಅವರು ನನ್ನ ಲೆಕ್ಕ ಕೇಳುವುದನ್ನೇ ಬಿಟ್ಟಿದ್ದರು.

ಮೊದಲ ವರ್ಷದ ಹನ್ನೊಂದು ಸೋಲುಗಳಲ್ಲಿ ಆರು ನನ್ನದೇ ತಪ್ಪು. ತಯಾರಕರ ರಿಬೇಟ್ ಒಂದು, ಅಂಗಡಿಯ ರಿಬೇಟ್ ಇನ್ನೊಂದು ಇದ್ದಾಗ ಎರಡಕ್ಕೂ ಮೂಲ ಬಾರ್‌ಕೋಡ್ ಬೇಕೆಂದು ಭಾವಿಸಿ ಒಂದನ್ನು ಬಿಟ್ಟುಕೊಟ್ಟಿದ್ದೆ. ಸಣ್ಣ ಅಕ್ಷರಗಳನ್ನು ಓದಿದ್ದರೆ ಎರಡನೆಯದಕ್ಕೆ ಜೆರಾಕ್ಸ್ ಪ್ರತಿ ಸಾಕೆಂಬುದು ತಿಳಿಯುತ್ತಿತ್ತು. ಒಂದು ಚೆಕ್ಕಂತೂ ಮನೆಗೆ ಬಂದೂ ಕೈತಪ್ಪಿತು. ಜಾಹೀರಾತಿನ ಕಾರ್ಡಿನಂತೆಯೇ ಕಾಣುತ್ತಿದ್ದ ಅದನ್ನು ನನ್ನ ಹೆಂಡತಿ ಪಿಜ್ಜಾ ಕೂಪನ್ನುಗಳ ಜೊತೆ ಕಸದ ಬುಟ್ಟಿಗೆ ಹಾಕಿದ್ದಳು. ಅವಳನ್ನು ದೂರುವಂತಿಲ್ಲ, ನಾನೇ ಅಂಥ ಎರಡನ್ನು ಎಸೆಯಲು ಹೊರಟಿದ್ದೆ. ಎಲ್ಲಕ್ಕಿಂತ ನೋಯಿಸಿದ್ದು ಒಂದು ರೌಟರ್. ಕೊಂಡ ರಾತ್ರಿಯೇ ಉತ್ಸಾಹದಿಂದ ಡಬ್ಬಿಯ ಬಾರ್‌ಕೋಡ್ ಕತ್ತರಿಸಿ ಅಂಚೆಗೆ ಹಾಕಿದೆ, ಮೂರನೆಯ ದಿನ ರೌಟರ್ ಸತ್ತಿತು, ಕತ್ತರಿಸಿದ ಡಬ್ಬಿಯನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ, ರಿಬೇಟೂ ಬರಲಿಲ್ಲ. ಅಲ್ಲಿಗೆ ಸುಮಾರು 70 ಡಾಲರ್ ಹೋಯಿತು.

ಆ ರೌಟರಿನ ನಂತರ ಕ್ರಮವನ್ನೇ ಬದಲಿಸಿದೆ. ವಸ್ತುವನ್ನು ತಂದ ರಾತ್ರಿಯೇ ಲಕೋಟೆಯ ಮೇಲೆ ವಿಳಾಸ ಬರೆದು, ಅರ್ಜಿ ತುಂಬಿಸಿ, ರಸೀದಿಯನ್ನು ಸ್ಕ್ಯಾನ್ ಮಾಡಿ ಎಲ್ಲವನ್ನೂ ಸಿದ್ಧವಾಗಿಡುತ್ತಿದ್ದೆ. ಆದರೆ ಬಾರ್‌ಕೋಡಿಗೆ ಬ್ಲೇಡು ಹಾಕುತ್ತಿದ್ದುದು ವಸ್ತುವನ್ನು ನಾಲ್ಕು ದಿನ ಬಳಸಿ ನೋಡಿದ ಮೇಲೆ. ಅಂಚೆ ಮುದ್ರೆಯ ಗಡುವು ಎರಡು ವಾರಕ್ಕಿಂತ ಕಡಿಮೆ ಇದ್ದರೆ ಆ ವಸ್ತುವನ್ನು ಕೊಳ್ಳುತ್ತಲೇ ಇರಲಿಲ್ಲ. ಕತ್ತರಿಸುವ ಮೊದಲು ಡಬ್ಬಿಯ ಹನ್ನೆರಡು ಅಂಕೆಗಳನ್ನು ಅರ್ಜಿಯ ಅಂಕೆಗಳೊಡನೆ ಹೋಲಿಸುವುದು ಕಡ್ಡಾಯ. ಒಂದೇ ಹಾರ್ಡ್ ಡಿಸ್ಕ್, ಒಂದೇ ಚಿತ್ರದ ಡಬ್ಬಿ, ಕೊನೆಯ ಎರಡು ಅಂಕೆ ಮಾತ್ರ ಬೇರೆಯಾಗಿ ಅರ್ಜಿಗೆ ಹೊಂದದೆ ಹೋದದ್ದು ನನಗೆ ಎರಡು ಬಾರಿ ಆಗಿದೆ.

ಅಂಚೆಯ ವಿಷಯದಲ್ಲಿ ಸ್ವಲ್ಪ ಹಣ ಸುಟ್ಟುಕೊಂಡೆ. ಈ ಅರ್ಜಿಗಳೆಲ್ಲ ಮಿನೆಸೋಟಾದ ಯಂಗ್ ಅಮೆರಿಕ ಅಥವಾ ಟೆಕ್ಸಸ್‌ನ ಎಲ್ ಪಾಸೊದಂಥ ಊರುಗಳ ಅಂಚೆ ಕಚೇರಿಯೊಳಗಿನ ಬಾಡಿಗೆ ಪೆಟ್ಟಿಗೆಗಳಿಗೆ (ಪಿ.ಒ. ಬಾಕ್ಸ್) ಹೋಗುತ್ತಿದ್ದುದರಿಂದ ಖಾಸಗಿ ಕೊರಿಯರ್ ನಡೆಯುತ್ತಿರಲಿಲ್ಲ. ತಲುಪಿದ್ದಕ್ಕೆ ದಾಖಲೆ ಇಡುವ ಸರ್ಟಿಫೈಡ್ ಮೇಲ್ ಪ್ರಯತ್ನಿಸಿದೆ; ಹತ್ತು ಡಾಲರಿನ ರಿಬೇಟಿಗೆ ಎರಡೂವರೆ ಡಾಲರಿಗೂ ಮೀರಿದ ಅಂಚೆವೆಚ್ಚ ಯಾರಿಗೆ ಬೇಕು? ಕೊನೆಗೆ ನೆಲೆನಿಂತದ್ದು ಅಂಚೆ ಕಚೇರಿಯ ಸರ್ಟಿಫಿಕೇಟ್ ಆಫ್ ಮೇಲಿಂಗ್. ಡಾಲರಿಗಿಂತ ಕಡಿಮೆ ಖರ್ಚಿನಲ್ಲಿ, ಇಂಥ ದಿನ ಇಂಥ ವಿಳಾಸಕ್ಕೆ ಕಳುಹಿಸಲಾಗಿದೆ ಎಂಬ ಮುದ್ರೆಯೊತ್ತಿದ ಚೀಟಿ ಆಗ ಸಿಗುತ್ತಿತ್ತು. ಐವತ್ತು ಡಾಲರಿಗೆ ಮೇಲ್ಪಟ್ಟ ರಿಬೇಟ್‌ಗಳಿಗೆ ಅದನ್ನು ಬಳಸುತ್ತಿದ್ದೆ, ಉಳಿದವಕ್ಕೆ 37 ಸೆಂಟಿನ ಅಂಚೆಚೀಟಿಯೇ ಸಾಕಾಗುತ್ತಿತ್ತು. ಬಾರ್‌ಕೋಡನ್ನು ಅಂಟಿನಿಂದ, ಪಿನ್ನಿನಿಂದ, ಪಾರದರ್ಶಕ ಟೇಪಿನಿಂದ ಲಗತ್ತಿಸಿ ತಿಂಗಳುಗಟ್ಟಲೆ ಹೋಲಿಸಿ ನೋಡಿದ್ದೂ ಉಂಟು. ಟೇಪಿನವು ಒಂದೂ ಕಳೆಯಲಿಲ್ಲ. ಪಿನ್ ಹೊಡೆದ ಒಂಬತ್ತರಲ್ಲಿ ಎರಡಕ್ಕೆ ‘ಬಾರ್‌ಕೋಡ್ ಇಲ್ಲ’ ಎಂಬ ಉತ್ತರ ಬಂತು.

ಹೆಸರಿನ ತೊಡಕು ನಮ್ಮ ಕಡೆಯವರಿಗೆಲ್ಲ ಚೆನ್ನಾಗಿ ಗೊತ್ತಿರುವುದೇ. ನನ್ನ ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರಿನ ಜಾಗದಲ್ಲಿ ಊರಿನ ಹೆಸರು ಕೂತಿದೆ, ಊರು ಹೊಳೆನರಸೀಪುರ. ಇಂಗ್ಲಿಷಿನಲ್ಲಿ ಹದಿನಾಲ್ಕು ಅಕ್ಷರ, ಅರ್ಜಿಯಲ್ಲಿ ಹನ್ನೆರಡು ಚೌಕ. ‘ಹೊಳೆನರಸಿಪು’ ಎಂಬ ವ್ಯಕ್ತಿಗೆ ಬರೆದ ಮೂವತ್ತು ಡಾಲರಿನ ಚೆಕ್ಕನ್ನು ಬ್ಯಾಂಕಿನಾಕೆ ಮೊದಲ ಸಲ ಹಿಂದಿರುಗಿಸಿದಳು. ಆ ಮೊಟಕು ರೂಪವನ್ನೇ ಖಾತೆಯಲ್ಲಿ ದಾಖಲಿಸಿಕೊಳ್ಳುವಂತೆ ಕೇಳಿಕೊಂಡ ಮೇಲೆ ತಕರಾರು ಬರಲಿಲ್ಲ. ಅರ್ಜಿಗಳಲ್ಲಿಯೂ ಹನ್ನೆರಡೇ ಅಕ್ಷರ ಬರೆಯತೊಡಗಿದೆ, ಅದರಿಂದ ಸ್ಥಿತಿಯನ್ನು ಜಾಲತಾಣದಲ್ಲಿ ಹುಡುಕುವುದೂ ಸುಲಭವಾಯಿತು.

ಲಾಭದ ಲೆಕ್ಕದಲ್ಲಿ ಬಹುಪಾಲು ಜನ ಮರೆಯುವುದು ಮಾರಾಟ ತೆರಿಗೆ. ರಿಬೇಟ್ ಬಂದ ಮೇಲೆ ಪುಕ್ಕಟೆಯಾಗುವ 50 ಡಾಲರಿನ ಸಿಡಿ ಕಟ್ಟಿಗೂ ಪೂರ್ತಿ ಬೆಲೆಯ ಮೇಲೆ ನಮ್ಮ ಕೌಂಟಿಯ 8.25 ಶೇಕಡಾ, ಅಂದರೆ 4 ಡಾಲರ್ 13 ಸೆಂಟ್, ತೆರಲೇಬೇಕಿತ್ತು. ಎರಡನೆಯ ವರ್ಷ ಸುಮಾರು 2,600 ಡಾಲರಿನ ಖರೀದಿಗೆ ತೆರಿಗೆಯೇ ಹೆಚ್ಚೂಕಡಿಮೆ 215 ಡಾಲರ್ ಆಗಿತ್ತು. ಜೊತೆಗೆ, 2004ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನದ ಶುಕ್ರವಾರ, ಅಮೆರಿಕದ ದೊಡ್ಡ ರಿಯಾಯಿತಿ ಮಾರಾಟದ ದಿನ, ಬೆಳಗಿನ ಜಾವ ಸಾಲಿನಲ್ಲಿ ನಿಂತು ಒಟ್ಟಿಗೆ 600 ಡಾಲರಿನ ಸಾಮಾನು ಎತ್ತಿಕೊಂಡು ಬಂದೆ. ಎಂಟು ವಾರದಲ್ಲಿ ಎಂದಿದ್ದ ಚೆಕ್ಕುಗಳು ಹದಿಮೂರು ವಾರ ತೆಗೆದುಕೊಂಡವು, ನಡುವೆ ಕ್ರೆಡಿಟ್ ಕಾರ್ಡಿನ ಬಡ್ಡಿ ಹನ್ನೊಂದು ಡಾಲರ್ ತಿಂದಿತು. ಆಮೇಲೆ ಒಂದು ಸಮಯಕ್ಕೆ 250 ಡಾಲರಿಗಿಂತ ಹೆಚ್ಚು ಹಣವನ್ನು ರಿಬೇಟಿನಲ್ಲಿ ಸಿಕ್ಕಿಹಾಕಿಕೊಳ್ಳಲು ಬಿಡಲಿಲ್ಲ. ಹಾಗೆ ಬಂದ ಖಾಲಿ ಸಿಡಿಗಳಲ್ಲಿ ನಾಲ್ಕು ಕಟ್ಟುಗಳು ಹಾಸನದ ಅಣ್ಣನ ಮನೆ ಸೇರಿದವು, ಒಂದು ಕಟ್ಟು ಇನ್ನೂ ಒಡೆದಿಲ್ಲ.

ಹತ್ತು ವಾರ ಕಳೆದರೂ ಬಾರದವುಗಳಿಗೆ ಫೋನು ಮಾಡುತ್ತಿದ್ದೆ. ಅರ್ಜಿ, ರಸೀದಿ, ಬಾರ್‌ಕೋಡ್‌ಗಳ ಪ್ರತಿ ಮುಂದೆ ಇದ್ದು, ಕಳುಹಿಸಿದ ದಿನಾಂಕವನ್ನು ತಡವರಿಸದೆ ಹೇಳಿದರೆ ಅರ್ಧದಷ್ಟು ಪ್ರಕರಣಗಳು ಆ ಕರೆಯಲ್ಲೇ ಇತ್ಯರ್ಥವಾಗುತ್ತಿದ್ದವು. ಉಳಿದರ್ಧಕ್ಕೆ ನಾನು ಬಳಸುತ್ತಿದ್ದ ಒಂದು ವಾಕ್ಯವಿದೆ, ಅದನ್ನು ಹೇಳುವ ವಾರವೂ ಮುಖ್ಯ. ಅವೆರಡನ್ನೂ ಇಲ್ಲಿ ಬರೆಯುವುದಿಲ್ಲ, ನನ್ನ ತಮ್ಮನಿಗೂ ಹೇಳಿಲ್ಲ.

ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸರಣಿಯಾದ ಬೆಸ್ಟ್ ಬೈ 2005ರಲ್ಲಿಯೇ, ಎರಡು ವರ್ಷಗಳೊಳಗೆ ಮೇಲ್-ಇನ್ ರಿಬೇಟ್‌ಗಳನ್ನು ಕೈಬಿಡುವುದಾಗಿ ಪ್ರಕಟಿಸಿತು. ಕಚೇರಿ ಸಾಮಗ್ರಿ ಮಾರುವ ಸ್ಟೇಪಲ್ಸ್‌ನವರು ಬಾರ್‌ಕೋಡ್ ಕತ್ತರಿಸದೆ ಜಾಲತಾಣದಲ್ಲಿಯೇ ಅರ್ಜಿ ಹಾಕುವ ವ್ಯವಸ್ಥೆ ತಂದಾಗ ನನಗೆ ಅನುಕೂಲವಾಯಿತೆನ್ನುವುದು ನಿಜ, ಆದರೆ ಬ್ಲೇಡು, ಟೇಪು ಹಿಡಿದು ಕೂರುವ ಕೆಲಸ ತಪ್ಪಿದ್ದಕ್ಕೆ ಸ್ವಲ್ಪ ಬೇಸರವೂ ಆಯಿತು. ಕೊನೆಯ ವರ್ಷ ತಪ್ಪಿದ ಎರಡರಲ್ಲಿ ಒಂದು, 20 ಡಾಲರಿನದು, ತಯಾರಕರು ಅಂಗಡಿ ಮುಚ್ಚಿದ್ದರಿಂದ ಹೋಯಿತು. ಇನ್ನೊಂದರ ಚೆಕ್ಕು ನಾನು ಬೆಂಗಳೂರಿಗೆ ಮರಳಿದ ಮೇಲೆ ಹಳೆಯ ವಿಳಾಸಕ್ಕೆ ಬಂದು, ಸ್ನೇಹಿತನೊಬ್ಬ ಕಳುಹಿಸಿಕೊಡುವಷ್ಟರಲ್ಲಿ ಅದರ ತೊಂಬತ್ತು ದಿನಗಳ ಅವಧಿ ಮುಗಿದಿತ್ತು.