ಠಾಣೆಗೆ ಕನ್ನಡದಲ್ಲಿ ದೂರು: ನಾನು ಬರೆದುಕೊಡುವ ಕ್ರಮ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯವರಿಗೆ ಪೊಲೀಸ್ ದೂರು ಬರೆದುಕೊಡುವಾಗ ಮೊದಲು ವಿಚಾರಿಸುವುದು ಘಟನೆ ನಡೆದ ಜಾಗವನ್ನು. ರಾಜ್ಯದ ಗಡಿಯಾದ ತಲಪಾಡಿಯ ಆಚೆ, ಕರ್ನಾಟಕದಲ್ಲಿ, ಉಳ್ಳಾಲ ಠಾಣೆ. ಅದು ಮಂಗಳೂರು ನಗರ ಪೊಲೀಸ್ ಕಮಿಷನರರಿಗೆ ಸೇರಿದ್ದು. ಈಚೆ ಮಂಜೇಶ್ವರ ಠಾಣೆ. ಅದರ ಮೇಲೆ ಡಿವೈಎಸ್‌ಪಿ (ಉಪ ಪೊಲೀಸ್ ವರಿಷ್ಠಾಧಿಕಾರಿ), ಅವರ ಮೇಲೆ ಕಾಸರಗೋಡಿನ ಜಿಲ್ಲಾ ಪೊಲೀಸ್ ವರಿಷ್ಠರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಲ್ಲೂ ದೂರು ಕೊಡಬಹುದು, ಗಡಿ ಅಡ್ಡ ಬರುವುದಿಲ್ಲ. ಆದರೆ ಮಹಜರು ಮಾಡುವವರು, ಸಿಸಿಟಿವಿ ದೃಶ್ಯ ತೆಗೆಸುವವರು ಆ ಜಾಗದ ಠಾಣೆಯವರೇ. ಕಡತ ರಾಜ್ಯ ದಾಟಿ ಹೋಗುವಷ್ಟರಲ್ಲಿ ಅಂಗಡಿಯ ಕ್ಯಾಮರಾದ ದೃಶ್ಯ ಅಳಿಸಿಹೋಗಬಹುದು. ಹೋಗಲು ಸಾಧ್ಯವಿದ್ದವರನ್ನು ನಾನು ನೇರ ಅಲ್ಲಿಗೇ ಕಳುಹಿಸುತ್ತೇನೆ.

ವಾಹನ ಅಪಘಾತದಲ್ಲಿ ಈ ಗಡಿಯ ತೊಡಕು ಇನ್ನೂ ಜಾಸ್ತಿ. ಗಾಯ ಆದದ್ದು ಉಪ್ಪಳದಲ್ಲಿ, ಸೇರಿಸಿದ್ದು ಮಂಗಳೂರಿನ ಆಸ್ಪತ್ರೆಗೆ. ಆಸ್ಪತ್ರೆಯ ತಿಳಿವಳಿಕೆ ಪತ್ರ ಅಲ್ಲಿನ ಪೊಲೀಸರಿಗೆ ಹೋಗಿ ಅಲ್ಲಿಂದ ಮಂಜೇಶ್ವರಕ್ಕೆ ಬರಬೇಕು. ಅದನ್ನು ನಂಬಿ ಕೂತರೆ ಎಫ್‌ಐಆರ್ ತಡವಾಗುತ್ತದೆ, ವಿಮಾ ಕಂಪನಿಯ ವಕೀಲರು ಹಿಡಿಯುವುದು ಅದನ್ನೇ. ಆಸ್ಪತ್ರೆಯ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ) ನಂಬರು ಕೇಳಿ ಬರೆದುಕೊಂಡು ಮನೆಯವರಲ್ಲಿ ಒಬ್ಬರು ಠಾಣೆಗೆ ಹೋಗಬೇಕು.

ದೂರನ್ನು 'ಸ್ಟೇಷನ್ ಹೌಸ್ ಆಫೀಸರ್' ಎಂಬ ಹುದ್ದೆಗೆ ಬರೆಯುತ್ತೇನೆ, ಹೆಸರಿಗೆ ಅಲ್ಲ. ಅವರು ಇಲ್ಲದ ಹೊತ್ತಿಗೆ ಠಾಣೆಯಲ್ಲಿರುವ ಹಿರಿಯರೇ ಆ ಜಾಗದಲ್ಲಿ ಇದ್ದಂತೆ. 'ಸಾಹೇಬರು ಇಲ್ಲ, ನಾಳೆ ಬನ್ನಿ' ಎಂದರೆ ಹಿಂದೆ ಬರಬೇಕಾಗಿಲ್ಲ. ದೂರು ತೆಗೆದುಕೊಂಡವರಿಂದ ರಶೀದಿ ಕೇಳಿ ಪಡೆಯಲೇಬೇಕು.

ಬರೆಯುವುದು ಆದಷ್ಟು ಒಂದೇ ಪುಟ. ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಮನೆ ಹೆಸರು, ಗ್ರಾಮ. ಆಮೇಲೆ ತಾರೀಕು, ಗಂಟೆ, ಜಾಗ. ನಮ್ಮ ಮಾತಿನಲ್ಲಿ 'ಗುರುವಾರ ರಾತ್ರಿ ಹನ್ನೆರಡೂವರೆ' ಎಂದರೆ ಕಾಗದದಲ್ಲಿ ಅದು ಶುಕ್ರವಾರದ ತಾರೀಕು; ಇದೊಂದು ತಪ್ಪಿದರೆ ಕೋರ್ಟಿನಲ್ಲಿ ಸಾಕ್ಷಿಯೇ ಸಡಿಲ. ಬೈದದ್ದು, ಬೆದರಿಸಿದ್ದು ತುಳುವಿನಲ್ಲಾದರೆ ತುಳುವಿನಲ್ಲೇ, ಮಲಯಾಳದಲ್ಲಾದರೆ ಮಲಯಾಳದಲ್ಲೇ, ಕನ್ನಡ ಲಿಪಿಯಲ್ಲಿ ಇದ್ದ ಹಾಗೆ. 'ಕೊಲ್ಲುವುದಾಗಿ ಬೆದರಿಸಿದರು' ಎಂದು ಸಾರಾಂಶ ಬರೆದರೆ ಆಡಿದ ಮಾತು ಕಳೆದುಹೋಗುತ್ತದೆ. ಚಿನ್ನ ಹೋದರೆ ಪವನಿನ ಜೊತೆಗೆ ಗ್ರಾಂ ಲೆಕ್ಕವೂ ಇರಲಿ, ಪವನಿಗೆ 8 ಗ್ರಾಂ. ಕಾನೂನಿನ ಕಲಂ ನಾನು ಬರೆಯುವುದಿಲ್ಲ, ಅದು ಪೊಲೀಸರ ಕೆಲಸ. ದೂರು ಕೊಡಲು ತಡವಾಗಿದ್ದರೆ ಕಾರಣ ಒಂದು ಸಾಲಿನಲ್ಲಿ ಬೇಕೇ ಬೇಕು.

ಆನ್‌ಲೈನ್‌ನಲ್ಲಿ ಹಣ ಹೋದವರು ಈ ಯಾವುದಕ್ಕೂ ಕಾಯಬಾರದು. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಕಾಗದ ಆಮೇಲೆ.

ಕೇರಳದ 1969ರ ರಾಜ್ಯಭಾಷಾ ಕಾನೂನು ಇಲ್ಲಿನ ಕನ್ನಡ ಅಲ್ಪಸಂಖ್ಯಾತರಿಗೆ ಕನ್ನಡದಲ್ಲೇ ಸರಕಾರದ ಜೊತೆ ವ್ಯವಹರಿಸುವ ಹಕ್ಕು ಕೊಟ್ಟಿದೆ. ಹಾಗಾಗಿ ಕನ್ನಡದ ದೂರನ್ನು ಹಿಂಜರಿಯದೆ ಕೊಡಿ. ಆದರೆ ಠಾಣೆಯಲ್ಲಿ ಸಾಮಾನ್ಯವಾಗಿ ಪ್ರಥಮ ಹೇಳಿಕೆಯನ್ನು ಮಲಯಾಳದಲ್ಲಿ ಬರೆದುಕೊಳ್ಳುತ್ತಾರೆ, ಕೇಸು ನಿಲ್ಲುವುದು ಅದರ ಮೇಲೆ. ನಮ್ಮವರು ಸೋಲುವುದೂ ಇಲ್ಲೇ: ಓದಲು ಬಾರದ ಕಾಗದಕ್ಕೆ ಸಂಕೋಚದಿಂದ ಸಹಿ ಹಾಕಿಬಿಡುತ್ತಾರೆ. ಓದಿ ಹೇಳಬೇಕೆಂದು 173ನೇ ಕಲಮಿನಲ್ಲೇ ಇದೆ. ಕನ್ನಡವೋ ತುಳುವೋ ಬಲ್ಲ ಪೊಲೀಸರು ಇದ್ದರೆ ಅವರಿಂದಲೇ ಓದಿಸಿಕೊಳ್ಳಿ. ತಾರೀಕು ಮತ್ತು ಗಂಟೆ, ಮನೆ ಹೆಸರು, ಯಾರು ಏನು ಮಾಡಿದರು ಎಂಬ ಅನುಕ್ರಮ ಸರಿಯಿದೆಯೇ ನೋಡಿ. ಇಬ್ಬರು ಆರೋಪಿಗಳ ಕೆಲಸ ಅದಲುಬದಲಾಗುವುದು ಸಾಮಾನ್ಯ. ತಿದ್ದಿಸಿದ ಮೇಲೆ 'ಕನ್ನಡದಲ್ಲಿ ಓದಿ ಹೇಳಿದ್ದನ್ನು ಕೇಳಿದ್ದೇನೆ' ಎಂದು ಕನ್ನಡದಲ್ಲಿ ಬರೆದು ಕೆಳಗೆ ಸಹಿ ಹಾಕಲು ನಾನು ಹೇಳುತ್ತೇನೆ.

ಮುಂದೆ ತನಿಖೆಯಲ್ಲಿ ಸಾಕ್ಷಿಗಳಿಂದ ಪಡೆಯುವ ಹೇಳಿಕೆಗೆ ಸಹಿ ಹಾಕಿಸಬಾರದು ಎಂದು ಅದೇ ಸಂಹಿತೆಯ 181ನೇ ಕಲಂ ಹೇಳುತ್ತದೆ. ಸಾಕ್ಷಿ ಹೆಂಗಸಾದರೆ, 60 ದಾಟಿದವರಾದರೆ, 15ರೊಳಗಿನ ಮಕ್ಕಳಾದರೆ ಠಾಣೆಗೆ ಕರೆಸುವಂತಿಲ್ಲ, ಪೊಲೀಸರೇ ಮನೆಗೆ ಬರಬೇಕು.

ಎಫ್‌ಐಆರ್ ಪ್ರತಿ ಧರ್ಮಕ್ಕೆ ಸಿಗುತ್ತದೆ; ಅದರಲ್ಲಿರುವ ಕ್ರೈಂ ನಂಬರು (ಕೇಸಿನ ನಂಬರು) ಮತ್ತು ವರ್ಷ ಬೇರೆ ಬರೆದಿಡಿ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಪೊಲೀಸರಿಗೆ ಅವಕಾಶವಿದೆ. ಆವರೆಗೆ ರಶೀದಿಯೇ ಆಧಾರ. ದೂರು ದಾಖಲಿಸಲು ಒಪ್ಪದಿದ್ದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಬೇಕು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು.

ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು. ಅದನ್ನು ಫೋನಿಗೂ ಕಳುಹಿಸಬಹುದಾದ್ದರಿಂದ ಗಲ್ಫಿನಲ್ಲಿರುವ ಮಗನ ನಂಬರಿನ ಬದಲು ಮನೆಯಲ್ಲೇ ಇರುವ ಫೋನಿನ ನಂಬರು ಕೊಡಿ.