ರಟ್ಟಿನ ಬಿಲ್ಲೆ ಕಟ್ಟಿಕೊಂಡು ಗಡಿಯಾರ ಆರಿಸಿದ್ದು

ನನ್ನ ಕೈಯಲ್ಲಿರುವ ಗಡಿಯಾರದ ಬೆಲೆಯನ್ನು ಕಳೆದ ತಿಂಗಳು ಮೂವರು ಕೇಳಿದರು. ಒಬ್ಬರು ಎಂಟು ಸಾವಿರವಾದರೂ ಇರಬೇಕು ಎಂದರು. ನಾನು ತಿದ್ದಲು ಹೋಗಲಿಲ್ಲ. ಆ ಮೂವರಲ್ಲಿ ನನ್ನ ಭಾವಮೈದನೂ ಇದ್ದ. ಎರಡು ವರ್ಷದ ಹಿಂದೆ ನಾನು ಮದುವೆ ಪತ್ರಿಕೆಯ ರಟ್ಟನ್ನು ಗುಂಡಗೆ ಕತ್ತರಿಸಿ ಮಣಿಕಟ್ಟಿಗೆ ಕಟ್ಟಿಕೊಂಡು ಓಡಾಡಿದ್ದನ್ನು ನೆಂಟರಿಷ್ಟರಿಗೆಲ್ಲ ಹೇಳಿ ನಗಿಸಿದ್ದವನು ಅವನೇ. ಅದಕ್ಕಾಗಿಯೇ ಈಗ ಬರೆಯುತ್ತಿದ್ದೇನೆ.

ಆಲ್ದೂರಿನ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಬೆಳಿಗ್ಗೆ ಹಾಜರಿ, ಸಂಜೆ ಹಣ್ಣಿನ ತೂಕ. ಮಳೆಗಾಲದಲ್ಲಿ ಮೊಬೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಳಜೇಬಿಗೆ ಹಾಕಿಕೊಂಡವನು ಗಂಟೆ ನೋಡಲು ಪ್ರತಿ ಸಲ ರೇನ್‌ಕೋಟ್ ಬಿಚ್ಚುತ್ತಾ ಕೂರಲಾಗುವುದಿಲ್ಲ. ಕೈಗಡಿಯಾರ ನನಗೆ ಕೆಲಸದ ಸಾಮಾನು. ಆದರೂ ನೋಡಲು ಚಂದ ಇರಬೇಕು ಎಂಬ ಆಸೆ ಬಿಟ್ಟಿಲ್ಲ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. ಮೊದಲನೆಯದನ್ನು ಆನ್‌ಲೈನಿನಲ್ಲಿ ಚಿತ್ರ ನೋಡಿ ತರಿಸಿದೆ, ಎರಡು ಸಾವಿರದ ಆರುನೂರು. ದೊಡ್ಡ ಮುಖದೊಳಗೆ ಮೂರು ಪುಟ್ಟ ಮುಖಗಳು. ಬಂದ ಮೇಲೆ ನೋಡಿದರೆ ಅವುಗಳಲ್ಲಿ ಎರಡರ ಮುಳ್ಳುಗಳು ಬರೀ ಅಚ್ಚು ಹಾಕಿದವು! ಮುಖದ ಅಗಲ 46 ಮಿಲಿಮೀಟರ್. ನನ್ನದು ಆರಿಂಚಿನ ಸುತ್ತಳತೆಯ ಕೈ. ಕಡ್ಡಿಗೆ ತಟ್ಟೆ ಕಟ್ಟಿದ ಹಾಗೆ ಕಾಣುತ್ತಿತ್ತು. ಅದಾದರೂ ಸಹಿಸಬಹುದಿತ್ತು. ತೂಕದ ಹೊತ್ತಿನಲ್ಲಿ ಮೂಟೆಗೆ ಕೈ ಹಾಕಿದರೆ ಚೈನಿನ ಕೊಂಡಿ ಗೋಣಿಯ ಎಳೆಗೆ ಸಿಕ್ಕಿಕೊಳ್ಳುತ್ತಿತ್ತು. ಬಿಡಿಸಿಕೊಳ್ಳುವಾಗ ಗೋಣಿಯ ಜೊತೆ ಕೈಯ ಕೂದಲೂ ಬರುತ್ತಿತ್ತು. ಎರಡು ತಿಂಗಳಲ್ಲಿ ಬೆವರಿಗೆ ಬಂಗಾರದ ಬಣ್ಣ ಕಿತ್ತು ಮಣಿಕಟ್ಟಿನಲ್ಲಿ ಹಸಿರು ಕಲೆ ಕೂತಿತು.

ಎರಡನೆಯದು ಒಂಬೈನೂರು ರೂಪಾಯಿಯ ಸೆಲ್ ಗಡಿಯಾರ. ಹಿಂದೆ 30 ಮೀಟರ್ ಎಂದು ಬರೆದದ್ದನ್ನು ನಂಬಿ ಪುನರ್ವಸು ಮಳೆಯಲ್ಲಿ ಕಟ್ಟಿಕೊಂಡು ತಿರುಗಿದೆ. ನಾಲ್ಕನೆಯ ದಿನ ಗಾಜಿನ ಒಳಗೆ ಮಂಜು. ಆ 30 ಮೀಟರ್ ಎಂದರೆ ಕೈ ತೊಳೆಯುವಾಗ ಸಿಡಿಯುವ ಹನಿಗಷ್ಟೇ ಎಂದು ನಿಮಗೆ ಗೊತ್ತು; ನನಗೆ ಒಂಬೈನೂರು ಕೊಟ್ಟ ಮೇಲೆ ಗೊತ್ತಾಯಿತು.

ಮೂರನೆಯದೇ ಹೆಚ್ಚು ಉರಿಸಿದ್ದು. ಹಳೆಯ ಎಚ್‌ಎಂಟಿ ಪೈಲಟ್, ದುರಸ್ತಿ ಮಾಡಿದ್ದು ಎಂದು ಯಾರೋ ಹೊರರಾಜ್ಯದಿಂದ ಕಳಿಸಿದರು, ಸಾವಿರದ ನಾನೂರಕ್ಕೆ. ಕಿತ್ತಳೆ ಮುಖದ ಪೈಲಟ್ ಕಂಡಾಗಲೇ ಅನುಮಾನ ಬರಬೇಕಿತ್ತು. ದಿನಕ್ಕೆ ಇಪ್ಪತ್ತು ನಿಮಿಷ ಮುಂದೆ ಓಡುತ್ತಿತ್ತು. ಚಿಕ್ಕಮಗಳೂರಿನ ರಿಪೇರಿ ಸಾಬರು ಹಿಂಬದಿ ಬಿಚ್ಚಿ, ಕಣ್ಣಿನ ಗಾಜು ಸಿಕ್ಕಿಸಿಕೊಂಡು ನೋಡಿ, "ರೈಟರೇ, ಇದರಲ್ಲಿ ನಾಲ್ಕು ಗಡಿಯಾರ ಇವೆ, ಯಾವುದನ್ನು ಸರಿ ಮಾಡಲಿ?" ಎಂದರು. ತಿರುಪಿನ ಮೊಳೆಗಳ ತಲೆ ಸವೆದು ಹೋಗಿತ್ತು. ಮುಖಕ್ಕೆ ಹೊಸದಾಗಿ ಬಣ್ಣ ಬಳಿದು, ಅಕ್ಷರ ದಪ್ಪವಾಗಿ ಅಚ್ಚು ಹೊಡೆದಿದ್ದರು. ಮೂರೂ ಸೇರಿ ಐದು ಸಾವಿರಕ್ಕೆ ನೂರು ಕಡಿಮೆ. ಆ ದುಡ್ಡಿಗೆ ಅಂಗಡಿಯಲ್ಲಿ ಗ್ಯಾರಂಟಿ ಸಮೇತ ಒಳ್ಳೆಯದೇ ಬರುತ್ತಿತ್ತು ಎಂದು ಹೆಂಡತಿ ಇಂದಿಗೂ ನೆನಪಿಸುತ್ತಾಳೆ.

ಆಮೇಲೆ ತೋಟದ ಬೋನಸ್ಸಿನಲ್ಲಿ ಎರಡೂವರೆ ಸಾವಿರ ಎತ್ತಿಟ್ಟು, ಅದನ್ನು ಮೀರಿದರೆ ಗಡಿಯಾರದ ಸುದ್ದಿಯೇ ಬೇಡ ಎಂದು ಮನೆಯಲ್ಲಿ ಮಾತು ಕೊಟ್ಟೆ. ರಟ್ಟಿನ ಯೋಚನೆ ಬಂದದ್ದು ಆಗ. ಮುಖದ ಅಗಲವನ್ನು ಎಲ್ಲರೂ ನೋಡುತ್ತಾರೆ. ಕೈ ಮೇಲೆ ಗಡಿಯಾರ ಕೂರುವುದೋ ತೂಗುವುದೋ ಎಂದು ತೀರ್ಮಾನಿಸುವುದು ಬೆಲ್ಟಿನ ಪಿನ್ನು ಕೂರುವ ಕಿವಿಗಳು. ಮೇಲಿನ ಕಿವಿಯ ತುದಿಯಿಂದ ಕೆಳಗಿನ ಕಿವಿಯ ತುದಿಗೆ ಎಷ್ಟು ಎಂದು ಅಳೆಯಬೇಕು. ನನ್ನ ಮಣಿಕಟ್ಟಿನ ಮೇಲ್ಭಾಗ ಚಪ್ಪಟೆಯಾಗಿರುವುದು 48 ಮಿಲಿಮೀಟರ್ ಮಾತ್ರ. ಮೊದಲ ಗಡಿಯಾರದ ಕಿವಿಯ ಅಳತೆ 54. ಅದು ಚಂದ ಕಾಣುವುದಾದರೂ ಹೇಗೆ?

ಪತ್ರಿಕೆಯ ರಟ್ಟಿನಲ್ಲಿ ಕಿವಿ ಸಮೇತ ನಾಲ್ಕು ಅಳತೆಯ ಬಿಲ್ಲೆ ಕತ್ತರಿಸಿದೆ: 34, 36, 38, 40. ದಪ್ಪಕ್ಕೆ ರಟ್ಟಿನ ಮೇಲೆ ರಟ್ಟು ಅಂಟಿಸಿದೆ. ರಬ್ಬರ್ ಬ್ಯಾಂಡ್ ಹಾಕಿ ಒಂದೊಂದನ್ನೂ ಇಡೀ ದಿನ ಕಟ್ಟಿದೆ. ಕನ್ನಡಿಯ ಮುಂದೆ ಐದು ನಿಮಿಷ ನಿಂತರೆ ಎಲ್ಲವೂ ಚಂದವೇ. ಅಂಗಿಯ ತೋಳಿನ ಗುಂಡಿ ಹಾಕಿ, ರಿಜಿಸ್ಟರ್ ಬರೆದು, ಮೂಟೆಗೆ ಕೈ ಹಾಕಿದಾಗ ನಿಜ ತಿಳಿಯುತ್ತದೆ. 40ರ ಬಿಲ್ಲೆ ಮಧ್ಯಾಹ್ನಕ್ಕೇ ಮುರಿಯಿತು. ಹತ್ತು ಮಿಲಿಮೀಟರಿಗಿಂತ ದಪ್ಪನಾದದ್ದು ತೋಳಿನೊಳಗೆ ಜಾರಲಿಲ್ಲ. ಸಾಹುಕಾರರು ನೋಡಿ, "ಏನು ರೈಟರೇ, ಮುಹೂರ್ತ ಮೀರಬಾರದು ಎಂದು ಲಗ್ನಪತ್ರಿಕೆಯನ್ನೇ ಕಟ್ಟಿಕೊಂಡಿದ್ದೀರಲ್ಲ?" ಎಂದರು. ಆಳುಗಳೆಲ್ಲ ನಕ್ಕರು. ನಾನು ತೂಕ ಬರೆಯುತ್ತಾ ಹೋದೆ.

34 ಮತ್ತು 36 ಉಳಿದವು. ಈ ಅಳತೆ ಈಗಿನ ಗಂಡಸರ ಗಡಿಯಾರಗಳಲ್ಲಿ ಅಪರೂಪ. ನಮ್ಮ ತಂದೆಯವರ ಕಾಲದ ಗಡಿಯಾರಗಳಲ್ಲಿ ಅದೇ ರೂಢಿ. ಹಾಗೆ ಮತ್ತೆ ಎಚ್‌ಎಂಟಿಗೇ ಬಂದೆ. ಬಣ್ಣ ಬಳಿದದ್ದರ ಹಿಂದೆ ಹೋಗದೆ, ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಮಲಗಿದ್ದು ಸಿಕ್ಕೀತೇ ಎಂದು ಹುಡುಕಿದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ. ನಮ್ಮ ಕಡೆ ಮದುವೆಯ ಗಂಡಿಗೆ ಅದನ್ನು ಕೊಡದ ಮಾವ ಕಡಿಮೆ. 2016ರಲ್ಲಿ ಕೇಂದ್ರ ಸರ್ಕಾರ ಗಡಿಯಾರದ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿದ ಮೇಲೂ ಅಟ್ಟದ ಪೆಟ್ಟಿಗೆಗಳು ಖಾಲಿಯಾಗಿಲ್ಲ. ಮೂಡಿಗೆರೆಯ ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ನಿಂತುಹೋಗಿದ್ದ ಎಚ್‌ಎಂಟಿ ಜನತಾ ಗಡಿಯಾರ ಸಿಕ್ಕಿತು. ಅಗಲ ಸುಮಾರು 35, ಬೆಲ್ಟಿಗೆ 18. ಅವರು ದುಡ್ಡು ಬೇಡವೆಂದರು. ನಾನೇ ಮುನ್ನೂರ ಐವತ್ತು ಮೇಜಿನ ಮೇಲೆ ಇಟ್ಟು ಬಂದೆ.

ಸಾಬರು ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, "ಮಷೀನು ಸತ್ತಿಲ್ಲ, ಎಣ್ಣೆ ಸತ್ತಿದೆ" ಎಂದರು. ಬಿಚ್ಚಿ ತೊಳೆದು ಎಣ್ಣೆ ಹಾಕಲು ಐನೂರು, ಕೀ ಕೊಡುವ ತಿರುಪಿಗೆ ಎಂಬತ್ತು. ಅವರು ಕೂರುವ ಜಾಗವನ್ನು ಮಾತ್ರ ನಾನು ಹೇಳುವುದಿಲ್ಲ. ಈಗಲೇ ಎರಡು ವಾರ ಕಾಯಿಸುತ್ತಾರೆ. ಮೊದಲು ದಿನಕ್ಕೆ ನಲವತ್ತು ಸೆಕೆಂಡ್ ಹಿಂದೆ ಬೀಳುತ್ತಿತ್ತು. ಇನ್ನೊಮ್ಮೆ ಸರಿಮಾಡಿಸಿದ ಮೇಲೆ ಹತ್ತೋ ಹದಿನೈದೋ. ರಾತ್ರಿ ಮಲಗುವ ಮುಂಚೆ ಕೀ ಕೊಡುವಾಗ ರೇಡಿಯೊ ಕೇಳಿ ಹೊಂದಿಸಿಬಿಡುತ್ತೇನೆ.

ಗಾಜಿನ ಗೀರುಗಳಿಗೆ ಹಲ್ಲುಜ್ಜುವ ಬಿಳಿ ಪೇಸ್ಟ್ ಸಾಕಾಯಿತು. ಹಳೆಯ ಪ್ಲಾಸ್ಟಿಕ್ ಗಾಜಾದ್ದರಿಂದ ಹತ್ತಿಬಟ್ಟೆಯಲ್ಲಿ ಕಾಲು ಗಂಟೆ ಉಜ್ಜಿದರೆ ಕನ್ನಡಿ. ಒಂಬೈನೂರರ ಗಡಿಯಾರದ ನಿಜವಾದ ಗಾಜಿನ ಮೇಲೂ ಉಜ್ಜಿ ನೋಡಿದೆ: ಬೆರಳು ನೋಯಿತು, ಗೀರು ಹಾಗೆಯೇ ಇತ್ತು.

ಇನ್ನು ಬೆಲ್ಟ್. ಗಡಿಯಾರದ ಅರ್ಧ ಅಂದ ಅದರಲ್ಲೇ ಇದೆ. ಆದರೆ ಎಲ್ಲರೂ ಉಳಿಸುವುದು ಅಲ್ಲಿಯೇ. ಮಲೆನಾಡಿನ ಮಳೆಗೆ ಚರ್ಮದ ಬೆಲ್ಟ್ ಕಟ್ಟಿದವರಿಗೆ ಗೊತ್ತು, ಒಂದು ವಾರ ಬಿಟ್ಟರೆ ಬಿಳಿ ಬೂಷ್ಟು. ಒಲೆಯ ಮೇಲೆ ತೂಗುಹಾಕಿದೆ, ಒಡೆಯಿತು. ಅಕ್ಕಿಯ ಡಬ್ಬಿಯಲ್ಲಿ ಇಟ್ಟೆ, ಅನ್ನಕ್ಕೆ ಚರ್ಮದ ವಾಸನೆ ಬಂದು ಆ ಪ್ರಯೋಗ ಅಂದೇ ನಿಂತಿತು. ಕೊನೆಗೆ ನೂರ ಎಂಬತ್ತಕ್ಕೆ ಕ್ಯಾನ್ವಾಸ್ ಪಟ್ಟಿ, ಇನ್ನೂರ ಇಪ್ಪತ್ತಕ್ಕೆ ನೈಲಾನ್ ಪಟ್ಟಿ ತರಿಸಿದೆ. ಕ್ಯಾನ್ವಾಸಿನದು ತಿಳಿ ಹಳದಿ, ಆಸ್ಪತ್ರೆಯ ಬ್ಯಾಂಡೇಜಿನ ಹಾಗೆ. ಅದನ್ನು ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿದೆ. ಮೊದಲ ಸಲ ಬಣ್ಣ ಚೆನ್ನಾಗಿಯೇ ಹಿಡಿದು, ಬೆವರು ತಾಗಿದ ಕೂಡಲೇ ಬಿಳಿ ಅಂಗಿಯ ತೋಳಿಗೆ ಇಳಿಯಿತು. ಚಿಕೋರಿ ಬೆರೆತ ಪುಡಿಯಿಂದ ಕೆಂಪು ಛಾಯೆ ಬಂತು. ಬರೀ ರೋಬಸ್ಟಾ ಗಾಢವಾಗಿ ಕೂತಿತು. ಮೂರನೆಯ ಸಲ ಪಟಿಕ ಹಾಕಿದ ಮೇಲೆ ಬಣ್ಣ ನಿಂತಿತು. ಪಟಿಕಕ್ಕಿಂತ ಮೊದಲು ಪಟ್ಟಿಯನ್ನು ಒಂದು ರಾತ್ರಿ ಯಾವುದರಲ್ಲಿ ನೆನೆಸಿದೆ ಎಂಬುದು ನನ್ನಲ್ಲೇ ಇರಲಿ. ಬೆಲೆ ಕೇಳಿದ ಮೂವರೂ ಮೊದಲು ಮುಟ್ಟಿ ನೋಡಿದ್ದು ಈ ಪಟ್ಟಿಯನ್ನೇ.

ಎಲ್ಲ ಸೇರಿ ಸಾವಿರದ ಮುನ್ನೂರ ಮೂವತ್ತೋ ನಲವತ್ತೋ. ಉಳಿದದ್ದರಲ್ಲಿ ಮಳೆಗಾಲಕ್ಕೆಂದು ಕ್ಯಾಸಿಯೊ ಎಫ್-91ಡಬ್ಲ್ಯೂ ತೆಗೆದುಕೊಂಡೆ, ಸಾವಿರದ ಇನ್ನೂರು ಚಿಲ್ಲರೆ. 1989ರಿಂದ ಬರುತ್ತಿರುವ ಮಾದರಿ. ತೂಕ 21 ಗ್ರಾಂ, ದಪ್ಪ ಎಂಟೂವರೆ, ನನ್ನ ಬಿಲ್ಲೆಯ ಪರೀಕ್ಷೆಯಲ್ಲಿ ಸಲೀಸಾಗಿ ಪಾಸು. ಅದರ ಮೇಲೂ ನೀರಿನ ಬಗ್ಗೆ ದೊಡ್ಡ ಮಾತೇನಿಲ್ಲ, ಆದರೆ ಎಳೆಯುವ ತಿರುಪೇ ಇಲ್ಲ. ಎರಡು ಆಷಾಢ ಕಳೆದಿದೆ, ಒಳಗೆ ಹನಿ ಮಂಜಿಲ್ಲ. ಬಜೆಟ್ಟು ಐವತ್ತು ರೂಪಾಯಿಯಷ್ಟು ಮೀರಿತು. ಅದನ್ನು ಮನೆಯಲ್ಲಿ ಹೇಳಿಲ್ಲ.

ಕಳೆದ ವಾರ ಸಾಹುಕಾರರು ತೂಕದ ಹೊತ್ತಿಗೆ ಬಂದು, ಆಳುಗಳು ಹೋಗುವ ತನಕ ಕಾದು, "ಆ ರಟ್ಟು ಇನ್ನೂ ಇದೆಯೇ?" ಎಂದು ಕೇಳಿದರು. ಅವರದು ದಪ್ಪ ಕೈ, 40 ಹೊಂದುತ್ತದೆ. ಆದರೆ ಆ ಬಿಲ್ಲೆ ಮುರಿದಿದೆ, ಹೊಸದು ಕತ್ತರಿಸಬೇಕು. ಅವರಿಗೂ ಕಾಫಿ ಬಣ್ಣದ ಪಟ್ಟಿಯೇ ಬೇಕಂತೆ. ನಿನ್ನೆ ರಾತ್ರಿ ಅದ್ದಿಟ್ಟಿದ್ದೇನೆ. ಫಿಲ್ಟರಿನ ಕೆಳಗಿನ ಪಾತ್ರೆ ಎಲ್ಲಿ ಹೋಯಿತು ಎಂದು ಹೆಂಡತಿ ಬೆಳಿಗ್ಗೆಯಿಂದ ಎರಡು ಸಲ ಕೇಳಿದ್ದಾಳೆ.