ಪಂಪೋ, ಪುಡಿಯೋ? ನಿಮ್ಮ ಉಸಿರಿಗೆ ಹೊಂದುವ ಇನ್ಹೇಲರ್ ಆರಿಸುವುದು ಹೇಗೆ

‘ನಮ್ಮ ಭಾವನಿಗೆ ಕೊಟ್ಟಿದ್ದೀರಲ್ಲ, ಅದೇ ಪಂಪು ಕೊಡಿ’ ಎಂದು ಮೆಡಿಕಲ್ ಶಾಪಿಗೆ ಬರುವವರು ಮಳೆಗಾಲ ಹಿಡಿದರೆ ಹೆಚ್ಚುತ್ತಾರೆ. ಭಾವನ ಕನ್ನಡಕ ಹಾಕಿಕೊಂಡು ಪೇಪರ್ ಓದಲು ಕೂತ ಹಾಗೆ ಇದು. ಉಬ್ಬಸ ಒಂದೇ ಇರಬಹುದು, ಉಸಿರೆಳೆಯುವ ಶಕ್ತಿ ಒಬ್ಬೊಬ್ಬರದು ಒಂದೊಂದು ಥರ.

ಮೊದಲು ಔಷಧ

ಇದನ್ನು ಡಾಕ್ಟರೇ ತೀರ್ಮಾನಿಸಬೇಕು. ನಿಮಗೆ ಗೊತ್ತಿರಬೇಕಾದದ್ದು ಇಷ್ಟು: ಸಾಲ್ಬ್ಯುಟಮಾಲ್ ಇರುವ, ಸಾಮಾನ್ಯವಾಗಿ ನೀಲಿ ಬಣ್ಣದ ಪಂಪು ಆ ಹೊತ್ತಿನ ಏದುಸಿರು ಇಳಿಸುತ್ತದೆ, ಶ್ವಾಸನಾಳದ ಊತ ಇಳಿಸುವುದು ಸ್ಟೀರಾಯ್ಡ್ ಇರುವ ಇನ್ಹೇಲರ್. ಬರೀ ನೀಲಿಯನ್ನೇ ನೆಚ್ಚಿಕೊಂಡಿರಬಾರದು ಎಂದು 2019ರಿಂದ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತಿದೆ. ನಿಮ್ಮ ಬಳಿ ಅದೊಂದೇ ಇದ್ದರೆ ಮತ್ತೆ ಡಾಕ್ಟರ ಹತ್ತಿರ ಹೋಗಿ ಕೇಳಿ. ಬುಡೆಸೊನೈಡ್ ಎಂಬ ಸ್ಟೀರಾಯ್ಡ್, ಶ್ವಾಸನಾಳ ತೆರೆಯುವ ಫಾರ್ಮೊಟೆರಾಲ್ ಎರಡೂ ಸೇರಿದ ಇನ್ಹೇಲರ್ ಹಲವರಿಗೆ ಎರಡೂ ಕೆಲಸಕ್ಕೆ ಆಗುತ್ತದೆ.

‘ಪಂಪು ಚಟ ಆಗ್ತದಂತೆ, ಮಾತ್ರೆಯೇ ಇರಲಿ’ ಎನ್ನುವವರಿಗೊಂದು ಲೆಕ್ಕ. ಪಂಪನ್ನು ಒಂದು ಸಲ ಒತ್ತಿದರೆ ಒಂದು ಪಫ್. ಒಂದು ಪಫ್‌ನಲ್ಲಿರುವುದು 100 ಮೈಕ್ರೋಗ್ರಾಂ ಸಾಲ್ಬ್ಯುಟಮಾಲ್. 4 ಮಿಲಿಗ್ರಾಂ ಮಾತ್ರೆ ನುಂಗಿದರೆ 40 ಪಫ್‌ನಷ್ಟು ಔಷಧ ಹೊಟ್ಟೆಗೆ ಹೋಗುತ್ತದೆ. ಆ ಕೈ ನಡುಕ, ಎದೆ ಡವಡವ ಬರುವುದು ಅಲ್ಲಿಂದ.

ಎರಡನೆಯದು, ಸಾಧನ

ನೇರ ಕೂತು, ಉಸಿರು ಪೂರ್ತಿ ಬಿಟ್ಟು, ಬಾಯಿಂದ ಒಂದೇ ಸಲಕ್ಕೆ ಜೋರಾಗಿ, ಆಳವಾಗಿ ಎಳೆದುಕೊಂಡು ನೋಡಿ. ಸಲೀಸಾಗಿ ಆದರೆ ಪುಡಿಯ ಇನ್ಹೇಲರ್, ಅಂದರೆ ರೋಟಾಕ್ಯಾಪ್ ಎಂಬ ಪುಡಿ ತುಂಬಿದ ಕ್ಯಾಪ್ಸೂಲ್ ಹಾಕುವಂಥದ್ದು, ನಿಮಗೆ ಆಗಬಹುದು. ಐದು ವರ್ಷದೊಳಗಿನ ಮಕ್ಕಳು, ಶಕ್ತಿ ಕುಂದಿದ ವಯಸ್ಸಾದವರಿಗೆ ಪಂಪು ಮತ್ತು ಸ್ಪೇಸರ್ (ಪಂಪಿನ ಬಾಯಿಗೆ ಸಿಕ್ಕಿಸುವ ಟೊಳ್ಳು ಕೊಳವೆ) ವಾಸಿ. ನನ್ನನ್ನು ಕೇಳಿದರೆ ಪುಡಿ ಬಳಸುವವರ ಮನೆಯಲ್ಲೂ ಒಂದು ಪಂಪು, ಸ್ಪೇಸರ್ ಇರಲೇಬೇಕು. ಉಬ್ಬಸ ಜೋರಾದಾಗ ಪುಡಿ ಎಳೆಯುವಷ್ಟು ದಮ್ಮು ಉಳಿದಿರುವುದಿಲ್ಲ. ಮಲೆನಾಡು, ಕರಾವಳಿಯ ಆಷಾಢದ ಥಂಡಿಗೆ ಪುಡಿ ಮುದ್ದೆಗಟ್ಟುವುದೂ ಉಂಟು. ಕ್ಯಾಪ್ಸೂಲನ್ನು ಬಳಸುವ ಹೊತ್ತಿಗಷ್ಟೇ ಡಬ್ಬಿಯಿಂದ ತೆಗೆಯಿರಿ.

ರೋಟಾಕ್ಯಾಪ್ ನುಂಗುವ ಮಾತ್ರೆಯಲ್ಲ. ನುಂಗಿದವರನ್ನು ಕಂಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಪಾರದರ್ಶಕ ತುದಿ ಕೆಳಗೆ ಬರುವಂತೆ ಚೌಕ ತೂತಿಗೆ ಒತ್ತಿ, ಬುಡ ತಿರುಗಿಸಿ, ಜೋರಾಗಿ ಎಳೆಯಿರಿ. ಸಾಧನದೊಳಕ್ಕೆ ಮಾತ್ರ ಊದಬೇಡಿ, ತೇವಕ್ಕೆ ಪುಡಿ ಅಂಟಿಕೊಳ್ಳುತ್ತದೆ.

ಪಂಪು ಒತ್ತುವ ಗಳಿಗೆ

ಎಲ್ಲರೂ ಎಡವುವುದು ಇಲ್ಲೇ. ಪುಡಿಯನ್ನು ಜೋರಾಗಿ ಎಳೆಯಬೇಕು, ಪಂಪನ್ನು ನಿಧಾನವಾಗಿ. ಜನ ಮಾಡುವುದು ಸರಿಯಾಗಿ ಇದರ ಉಲ್ಟಾ.

ಮುಚ್ಚಳ ತೆಗೆದು ಬಾಯಿಯ ಭಾಗದೊಳಗೆ ಇಣುಕಿ. ಜೇಬಲ್ಲಿ, ಬ್ಯಾಗಿನಲ್ಲಿ ತಿರುಗುವ ಪಂಪಿನೊಳಗೆ ಏನು ಬೇಕಾದರೂ ಸೇರಿರುತ್ತದೆ. ಚೆನ್ನಾಗಿ ಅಲ್ಲಾಡಿಸಿ. ಹೊಸದಾದರೆ ಅಥವಾ ವಾರಗಟ್ಟಲೆ ಮುಟ್ಟದೇ ಇದ್ದರೆ ಮೊದಲು ಗಾಳಿಗೆ ಒಂದೆರಡು ಸಲ ಬಿಡಿ. ಗಲ್ಲ ತುಸು ಮೇಲೆತ್ತಿ, ಪಂಪಿನಿಂದಾಚೆ ಉಸಿರು ಬಿಟ್ಟು ಖಾಲಿಯಾಗಿ. ತುಟಿ ಬಿಗಿ ಮಾಡಿ, ನಾಲಿಗೆ ಕೆಳಗಿರಲಿ. ಈಗ ಉಸಿರು ಎಳೆಯಲು ಶುರು ಮಾಡಿ. ಶುರುವಾದ ಕೂಡಲೇ ಒಂದೇ ಒಂದು ಸಲ ಒತ್ತಿ. ಒತ್ತಿದ ಮೇಲೆ ಎಳೆದರೆ ಔಷಧವೆಲ್ಲ ಗಂಟಲಿನ ಹಿಂಗೋಡೆಗೆ ಬಡಿದು ಅಲ್ಲೇ ಉಳಿಯುತ್ತದೆ. ಗಂಟಲಿಗೆ ಚಳಕ್ ಎಂದು ತಣ್ಣಗೆ ತಾಗಿದ್ದಕ್ಕೆ ಬೆಚ್ಚಿ ಉಸಿರು ನಿಲ್ಲಿಸುವವರೇ ಬಹಳ. ನಿಲ್ಲಿಸದೆ ನಾಲ್ಕೈದು ಸೆಕೆಂಡ್ ಎಳೆಯುತ್ತಲೇ ಇರಿ. ಆಮೇಲೆ ಹತ್ತು ಎಣಿಸುವ ತನಕ ಉಸಿರು ಕಟ್ಟಿ. ಎರಡನೇ ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಅಲ್ಲಾಡಿಸಿ. ‘ಎರಡು ಪಫ್’ ಅಂದರೆ ಟಪಟಪ ಎರಡು ಸಲ ಒತ್ತುವುದಲ್ಲ.

ಕನ್ನಡಿ ಮುಂದೆ ಮಾಡಿ ನೋಡಿ. ಬಾಯಿಯ ಅಂಚಿನಿಂದ ಬಿಳಿ ಹೊಗೆ ಬಂದರೆ ಔಷಧ ಎದೆಗೆ ಹೋಗಿಲ್ಲ.

ಈ ತಾಳ ಕೂಡದವರಿಗೆಂದೇ ಸ್ಪೇಸರ್ ಇರುವುದು. ಒಂದು ಸಲ ಒತ್ತಿ, ತಡಮಾಡದೆ ನಿಧಾನ ಎಳೆದರಾಯಿತು. ಪುಟ್ಟ ಮಕ್ಕಳಿಗೆ ಮಾಸ್ಕು ಮುಖಕ್ಕೆ ಬಿಗಿಯಾಗಿ ಹಿಡಿದು ಐದಾರು ಉಸಿರು ಆಡಿಸಿ. ವಾಲ್ವ್ ಇಲ್ಲದ ಅಗ್ಗದ ಕೊಳವೆ ಮಕ್ಕಳಿಗೆ ಕೊಳ್ಳಬೇಡಿ, ಅವರು ಅದರೊಳಗೇ ಉಸಿರು ಬಿಟ್ಟು ಔಷಧ ಕಳೆಯುತ್ತಾರೆ. ಸ್ಪೇಸರನ್ನು ಸೋಪುನೀರಲ್ಲಿ ತೊಳೆದು ಹಾಗೇ ಆರಲು ಬಿಡಿ. ಬಟ್ಟೆಯಲ್ಲಿ ಉಜ್ಜಿದರೆ ಸ್ಥಾಯಿ ವಿದ್ಯುತ್ ಹುಟ್ಟಿ ಔಷಧದ ಕಣ ಗೋಡೆಗೇ ಅಂಟುತ್ತದೆ.

ಸ್ಟೀರಾಯ್ಡ್ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಅಗ್ರ ಬರಬಹುದು.

ಮಾತು ಪೂರ್ತಿ ಮಾಡಲಾಗದಷ್ಟು ಏದುಸಿರು, ತುಟಿ ನೀಲಿಯಾಗುವುದು ಕಂಡರೆ 108ಕ್ಕೆ ಫೋನ್ ಮಾಡಿ, ರೋಗಿಯನ್ನು ಕೂರಿಸಿ, ಗಾಡಿ ಬರುವ ತನಕ ನೀಲಿ ಪಂಪನ್ನು ಸ್ಪೇಸರಿನಲ್ಲಿ ಒಂದೊಂದೇ ಪಫ್ ಕೊಡುತ್ತಿರಿ. ಮೃಗಶಿರಾ ಹೊತ್ತಿಗೆ ಹೈದರಾಬಾದಿನಲ್ಲಿ ಉಬ್ಬಸಕ್ಕೆಂದು ಕೊಡುವ ಮೀನಿನ ಮದ್ದಿಗೆ ಹೋಗುವವರು ಹೋಗಲಿ, ಪಂಪು ಮಾತ್ರ ಜೇಬಲ್ಲೇ ಇರಲಿ.

ಕೊಳ್ಳುವಾಗ ಪಫ್ ಎಣಿಸುವ ಕೌಂಟರ್ ಇರುವುದನ್ನೇ ಕೇಳಿ. ಖಾಲಿಯಾಯಿತೇ ಎಂದು ನೀರಿನಲ್ಲಿ ತೇಲಿಸಿ ನೋಡುವ ಹಳೇ ಉಪಾಯ ನಂಬಬೇಡಿ. ಔಷಧ ಮುಗಿದ ಮೇಲೂ ಒಳಗಿನ ಗ್ಯಾಸ್ ಬುಸ್ ಎನ್ನುತ್ತಲೇ ಇರುತ್ತದೆ. ಕೌಂಟರ್ ಇಲ್ಲದಿದ್ದರೆ ಶುರು ಮಾಡಿದ ತಾರೀಖನ್ನು ಡಬ್ಬಿಯ ಮೇಲೆ ಬರೆದಿಡಿ: 120 ಪಫ್‌ನ ಪಂಪನ್ನು ದಿನಕ್ಕೆ ನಾಲ್ಕರಂತೆ ಬಳಸಿದರೆ 30 ದಿನಕ್ಕೆ ಖಾಲಿ.